ಹಾರಿದ ಹಕ್ಕಿ ಯಾರು?

ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದವನನ್ನು ಊರವರು ಕಪ್ಪುಬಿಳಿ ಮಾಮ ಎಂದೇ ಕರೆಯುತ್ತಿದ್ದರು. ವರ್ಷವಿಡೀ ಪಾಸ್‌ಪೋರ್ಟ್ ಅಳತೆಯ ಬಣ್ಣದ ಫೋಟೋ ತೆಗೆದು ಹೊಟ್ಟೆ ಹೊರೆಯುವ ಆತ, ಊರೆಲ್ಲ ಮುಖವಾಡ ತೊಟ್ಟು ಕುಣಿಯುವ ಕಾರ್ನಿವಲ್ ಬಂತೆಂದರೆ ಹಳೇ ಕ್ಯಾಮೆರಾಕ್ಕೆ ಕಪ್ಪು-ಬಿಳುಪಿನ ರೀಲು ತುಂಬಿಕೊಂಡು ಬೀದಿಗಿಳಿಯುತ್ತಿದ್ದ. ಇಷ್ಟೊಂದು ಬಣ್ಣದ ಹಬ್ಬಕ್ಕೆ ಇದೆಂಥ ಹುಚ್ಚು ಎಂದು ಯಾರಾದರೂ ಕೇಳಿದರೆ, "ಬಣ್ಣ ಕಣ್ಣಿಗೆ ಮಣ್ಣೆರಚುತ್ತೆ ಕಣ್ರೀ, ಕುಣಿತ ಕಾಣಲ್ಲ" ಎನ್ನುತ್ತಿದ್ದ.

ಆ ವರ್ಷ ಒಂದು ಅಪರೂಪದ ಚಿತ್ರ ಸಿಕ್ಕಿತು. ಹಕ್ಕಿಯ ಮುಖವಾಡ ತೊಟ್ಟ ಯಾರೋ ನೆಲ ಬಿಟ್ಟು ಎರಡಡಿ ಮೇಲಕ್ಕೆ ಜಿಗಿದಿದ್ದರು. ಮೈತುಂಬ ಹೊಲಿದ ಬಟ್ಟೆಯ ಗರಿಗಳೆಲ್ಲ ಗಾಳಿಯಲ್ಲಿ. ಮಾಮ ಅದನ್ನು ದೊಡ್ಡದು ಮಾಡಿ ಅಂಗಡಿಯ ಗಾಜಿನೊಳಗೆ ತೂಗುಹಾಕಿದ.

ಮೂರನೇ ದಿನ ಅಂಚೆಯಣ್ಣ ಬಂದ. "ಮಾಮ, ಅದು ನಾನೇ. ನನಗೊಂದು ಪ್ರತಿ ಕೊಡು." ಮಾಮ ಖುಷಿಯಿಂದ ಹೂಂಗುಟ್ಟಿದ. ಮಧ್ಯಾಹ್ನ ಶಾಲೆಯ ಗಣಿತದ ಮೇಡಂ ಬಂದು, "ಯಾರಿಗೂ ಹೇಳ್ಬೇಡಿ, ಅದು ನಾನು" ಎಂದರು. ಮಾಮನ ತಲೆ ಗಿರ್ರೆಂದಿತು. ಇಬ್ಬರಲ್ಲಿ ಒಬ್ಬರದು ಸುಳ್ಳಿರಬೇಕು ತಾನೆ? ಪರೀಕ್ಷಿಸೋಣವೆಂದು ಗರಿಯ ಬಣ್ಣ ಕೇಳಿದ. ಮೇಡಂ ಹಸಿರು ಎಂದರು. ಅಂಚೆಯಣ್ಣನನ್ನು ಕರೆಸಿ ಕೇಳಿದರೆ ಕೆಂಪು ಎಂದ. ಯಾರದು ಸರಿಯೆಂದು ಮಾಮನಿಗೇ ಗೊತ್ತಿರಲಿಲ್ಲ! ಆವತ್ತು ಅವನ ಕಣ್ಣಿಗೆ ಬಿದ್ದದ್ದು ಬೆಳಕು, ನೆರಳು, ಅಷ್ಟೇ. ನೆಗೆಟಿವನ್ನು ಭೂತಗನ್ನಡಿಯಡಿ ಇಟ್ಟು ನೋಡಿದ, ಬರೀ ಬೂದು.

ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದ. ಅವಳು ತಟ್ಟೆ ಇಡುತ್ತಾ, "ನೀಲಿ" ಎಂದಳು.

"ಏನು ನೀಲಿ?"

"ಗರಿ. ಅದು ನಾನು ರೀ."

"ನೀನಾ? ಅವತ್ತು ತಲೆನೋವು ಅಂತ ಮಲಗಿದ್ಯಲ್ಲೇ!"

"ನೀವು ಹೊರಡೋವರೆಗೆ ಮಲಗಿದ್ದೆ. ನಡುಮನೆ ಪರದೆ ಎಲ್ಲಿ ಹೋಯ್ತು ಅಂತ ಒಂದು ಸಲನಾದ್ರೂ ಕೇಳಿದ್ರಾ? ಗರಿ ಕತ್ತರಿಸಿದ್ದು ಅದರಲ್ಲೇ."

ತಿರುಗಿ ನೋಡಿದರೆ ಕಿಟಕಿ ಬೋಳು. ಆ ಪರದೆ ನೀಲಿಯಾಗಿತ್ತೇ? ಹನ್ನೆರಡು ವರ್ಷ ಕಣ್ಣೆದುರು ತೂಗಾಡಿದ್ದು, ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

"ನಿಜ ಹೇಳೇ, ನೀನು ಅಷ್ಟೆತ್ತರ ಹಾರ್ತೀಯಾ?"

ಅವಳು ನಗುತ್ತಾ ನೀರು ತರಲು ಎದ್ದಳು.

ಕೊನೆಗೆ ಮೂವರಿಗೂ ಒಂದೊಂದು ಪ್ರತಿ ಮಾಡಿಕೊಟ್ಟು ಮಾಮ ಕೈ ತೊಳೆದುಕೊಂಡ. ಮರುವರ್ಷ ಹೆಂಡತಿ ಅವನ ಜೊತೆಗೇ ಹೊರಟಳು. ಆದರೆ ಮೊದಲ ತಿರುವಿನಲ್ಲೇ ಚೀಲದಿಂದ ಮುಖವಾಡ ತೆಗೆದು ತೊಟ್ಟು ಗುಂಪಿನಲ್ಲಿ ಮಾಯವಾದಳು. ಎಂಥ ಮುಖವಾಡವೆಂದು ಕೂಡ ಅವನು ಸರಿಯಾಗಿ ನೋಡಿಕೊಂಡಿರಲಿಲ್ಲ. ಕಂಡಕಂಡವರೆಲ್ಲ ಅವಳೇ ಇರಬೇಕೆಂದು ಚಿತ್ರ ತೆಗೆಯುತ್ತಾ ಹೋದ. ಅರ್ಧ ಗಂಟೆಯಲ್ಲಿ ರೀಲು ಖಾಲಿ. ಪಕ್ಕದಲ್ಲಿ ಏದುಸಿರು ಬಿಡುತ್ತಾ ನಿಂತಿದ್ದ ಕರಡಿಯ ಹೆಗಲ ಮೇಲೆ ಕೈಯಿಟ್ಟು, "ಏನೇ, ಸುಸ್ತಾಯ್ತಾ?" ಎಂದು ಮೆಲ್ಲಗೆ ಕೇಳಿದ.

"ತುಂಬಾ ಸುಸ್ತು ಮಾಮ" ಎಂದಿತು ಅಂಚೆಯಣ್ಣನ ದನಿ.