ಮಾಸಲು ಬಿಡದ ಬುದ್ಧ

ಮಾಸುತ್ತಿರುವ ಬುದ್ಧನನ್ನು ನೋಡಲು ಎರಡು ಬಸ್ಸು ಬದಲಿಸಿ ಚನ್ನಪಟ್ಟಣದಾಚೆಯ ಈ ಬೌದ್ಧ ಗುಡಿಗೆ ಬಂದೆ. ಕಡೆದ ಮರದ ಬಳೆಗಳನ್ನು ಪೇರಿಸಿ ಬುದ್ಧನನ್ನು ನಿಲ್ಲಿಸಿದ ಕಲಾವಿದೆ, ಬಿಸಿಲಿಗೆ ಬಣ್ಣ ಹೋಗಲಿ ಎಂದೇ ಚಾವಣಿ ಹಾಕಿಸಿಲ್ಲ. ನನ್ನೆದುರಿಗಿದ್ದ ಬುದ್ಧ ಮಾತ್ರ ಅಂಗಡಿಯ ಗೊಂಬೆಯಂತೆ ಫಳಫಳ ಹೊಳೆಯುತ್ತಿದ್ದ.

ಆ ಬಳೆಗಳನ್ನು ಕಡೆದುಕೊಟ್ಟ ಗೊಂಬೆ ಕೆಲಸದ ಸಿದ್ದಪ್ಪ ಕೊನೆಯದನ್ನು ಕೂರಿಸುತ್ತಿದ್ದರು. ಪ್ರತಿ ವರ್ಷ ಎಲ್ಲವನ್ನೂ ಬಿಚ್ಚಿ ಒಯ್ದು, ಹೊಸದಾಗಿ ಬಣ್ಣದ ಅರಗು ಹಾಕಿ ತರುತ್ತಾರಂತೆ.

"ಮಾಸ್ಲಿ ಅಂತಾನೇ ಅಲ್ವಾ ಅವರು ಮಾಡಿರೋದು?" ಎಂದು ರೇಗಿದೆ.

"ಅವ್ರು ಹಂಗೇ ಅಂತಾರೆ. ಬಣ್ಣ ಬುಡ್ತು ಅಂದ್ರೆ ಊರೋರು ಉಗಿಯೋದು ನಂಗೆ ಕಣಮ್ಮ."

ಸಿಟ್ಟಿನಲ್ಲಿ ಹೊರಗೆ ಬಂದೆ. ಬಾಗಿಲ ಪಕ್ಕದ ಹಲಗೆಯ ಮೇಲೆ 'ಎಲ್ಲವೂ ಅಳಿಯುತ್ತದೆ' ಎಂದು ಕಲಾವಿದೆ ಬರೆಸಿದ್ದರು. ಅಕ್ಷರದ ಮೇಲೆ ಬೆರಳಿಟ್ಟೆ.

"ಮುಟ್ಬ್ಯಾಡಿ," ಒಳಗಿನಿಂದ ಸಿದ್ದಪ್ಪ ಕೂಗಿದರು, "ಅದಿನ್ನೂ ಒಣಗಿಲ್ಲ."