ಪೌಂಡ್ ಅಂದರೆ ನ

ಚಿಕ್ಕೋಡಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನಾನು ಎರಡು ವರ್ಷ ತಾತ್ಕಾಲಿಕ ಸಹಾಯಕಿಯಾಗಿದ್ದೆ. ತೀರ ಹಿಂದಿನ ಮಾತೇನಲ್ಲ, ತೊಂಬತ್ತರ ದಶಕದ ನಡುವಿನದು. ಆದರೂ ಆಗಿನ ಡೈರಿ ತೆರೆದರೆ ಬೇರೆಯೇ ಕಾಲವೊಂದರ ವಾಸನೆ ಬರುತ್ತದೆ. ನಮ್ಮೂರು ಭೋಜದಿಂದ ಬರುವ ನನ್ನ ಬಸ್ಸು ಎಷ್ಟು ದಿನ ತಡವಾಯಿತು, ಎಷ್ಟು ಸಲ ಕರೆಂಟು ಹೋಯಿತು, ಯಾವ ಪುಸ್ತಕ ವಾಪಸ್ಸು ಬರಲಿಲ್ಲ, ಎಲ್ಲಕ್ಕೂ ಗೆರೆ ಎಳೆದು ಲೆಕ್ಕ ಇಟ್ಟಿದ್ದೇನೆ. ನಿಂತ ಗೆರೆ ನಾಲ್ಕು, ಐದನೆಯದು ಅಡ್ಡ. ಅವುಗಳ ನಡುವೆ ನಾಲ್ಕೈದು ತಿಂಗಳ ಪುಟಗಳ ಮೇಲೆ ‘ಅಕ್ಕಾರು’ ಎಂದು ಬರೆದಿದೆ.

ಅಕ್ಕಾರು ಕಾಲೇಜಿನ ಆಫೀಸಿನ ಟೈಪಿಸ್ಟ್. ಅಲಖನೂರಿನವರು. ಚಿಕ್ಕಂದಿನಲ್ಲೇ ಕಣ್ಣು ಹೋಗಿತ್ತು. ಕನ್ನಡ ಟೈಪರೈಟರಿನ ಮುಂದೆ ಕೂತರೆ ಅವರ ವೇಗಕ್ಕೆ ಹೇಳಿ ಬರೆಸುವವರೇ ಹಿಂದೆ ಬೀಳುತ್ತಿದ್ದರು. ಸಾಲು ಮುಗಿಯುತ್ತ ಬಂದಾಗ ಯಂತ್ರ ಟಿಣ್ ಎನ್ನುತ್ತಿತ್ತು. ಆ ಸದ್ದು ಕೇಳಿ ಎಡಗೈಯಿಂದ ಹಿಡಿಕೆ ಎಳೆಯುತ್ತಿದ್ದರು.

ಆ ವರ್ಷ ಜೂನ್‌ನಲ್ಲಿ ಆಫೀಸಿಗೆ ಕಂಪ್ಯೂಟರ್ ಬಂತು, ಟೈಪರೈಟರ್ ಕಪಾಟಿನ ಮೇಲೆ ಹೋಯಿತು. ಹೊಸ ಯಂತ್ರದಲ್ಲಿ ಟಿಣ್ ಇಲ್ಲ, ಹಿಡಿಕೆ ಇಲ್ಲ. ಕೀಲಿಗಳ ಜಾಗ ಮಾತ್ರ ಹಳೆಯದೇ. ಪರದೆಯ ಮೇಲೆ ಏನೋ ಒಂದು ಚೌಕ ತೆರೆದುಕೊಂಡು ಅಕ್ಕಾರು ಹೊಡೆದದ್ದೆಲ್ಲ ಎಲ್ಲಿಗೋ ಹೋಗುತ್ತಿತ್ತು. ಪುಟ ಕಳೆದದ್ದು, ಮೊದಲ ವಾರ: ಆರು.

ಪ್ರಿನ್ಸಿಪಾಲರು ಕೆಟ್ಟವರಲ್ಲ, ಆದರೆ ಖಡಕ್. ಗಂಟೆ ಹೊಡೆಯುವವನು ನಿವೃತ್ತನಾಗಿ ಅವನ ಸ್ಟೂಲು ಖಾಲಿ ಇತ್ತು.

“ದೀಪಾವಳಿ ಸೂಟೀತನಕಾ ಟೈಮ್ ಕೊಡ್ತೀನ್ರಿ. ಒಂದ ಪುಟ, ಮೂರು ತಪ್ಪಿನೊಳಗ ಹೊಡದ ತೋರಿಸ್ರಿ. ಆಗಲಿಲ್ಲಂದ್ರ ಗಂಟೀ ಕೆಲಸಕ್ಕ ಕೂಡ್ರಿ. ಪಗಾರ ಏನ್ ಕಡಿಮಿ ಆಗೂದಿಲ್ಲ.”

“ಪಗಾರದ ಮಾತಲ್ರೀ ಸರ್,” ಎಂದರು ಅಕ್ಕಾರು. “ಹದಿನಾಲ್ಕ ವರ್ಷ ಈ ಖುರ್ಚಿಮ್ಯಾಲೆ ಕುಂತೀನ್ರಿ.”

ಅಂಧರ ಶಾಲೆಯೊಂದರ ಮಾಸ್ತರರ ಕಡೆಯಿಂದ ಎರಡು ಫ್ಲಾಪಿ ತರಿಸಿದವರು ಅಕ್ಕಾರೇ. ಪರದೆಯ ಮೇಲಿನದನ್ನು ಓದಿ ಹೇಳುವ ಪ್ರೋಗ್ರಾಂ ಅದು. ಪರೀಕ್ಷಾರ್ಥ ಪ್ರತಿಯಾದ್ದರಿಂದ ನಲವತ್ತು ನಿಮಿಷ ಮಾತಾಡಿ ಬಾಯಿ ಮುಚ್ಚುತ್ತಿತ್ತು. ಕಂಪ್ಯೂಟರನ್ನೇ ಆರಿಸಿ ಹಚ್ಚಿದರೆ ಮತ್ತೆ ನಲವತ್ತು. ಮೂಗಿನಲ್ಲಿ ಮಾತಾಡುವ ಗಂಡಸಿನ ದನಿ, ಅದೂ ಬರೀ ಇಂಗ್ಲಿಷು. ಕನ್ನಡದಲ್ಲಿ ‘ನಮಸ್ಕಾರ’ ಎಂದು ಹೊಡೆದರೆ, “ಪೌಂಡ್...” ಎಂದು ಶುರುಮಾಡಿ ಏನೇನೋ ಚಿಹ್ನೆಗಳ ಹೆಸರು ಹೇಳಿತು.

ಹೆಡ್ ಕ್ಲಾರ್ಕ್ ಸಾಹೇಬರು ನಕ್ಕಿದ್ದೇ ನಕ್ಕಿದ್ದು. “ಅರೇ ದೇವಾ! ಪೌಂಡ್ ಎಣಸಾಕತ್ತೈತಲ್ರಿ. ಅಕ್ಕಾರ, ಲಂಡನ್ನಿಗಿ ಹೊಂಟೀರೇನು?”

“ಹೌದ್ರಿ. ನೀವೂ ಬರ್ರಿ, ಚೀಲಾ ಹಿಡಿಯಾಕ ಯಾರರೆ ಬೇಕಲ್ಲ.”

ಮರುದಿನ ನಾನು ಒಂದು ಸಂಗತಿ ಗಮನಿಸಿದೆ. ‘ನ’ ಬಂದಾಗಲೆಲ್ಲ ಅದು ಪೌಂಡ್ ಎನ್ನುತ್ತಿತ್ತು, ತಪ್ಪದೆ. ‘ಲಿ’ ಬಂದರೆ ಡಿಗ್ರಿ, ‘ಬ’ ಬಂದರೆ ಸೆಕ್ಷನ್. ಯಂತ್ರದ ಹೊಟ್ಟೆಯಲ್ಲಿ ಇದ್ದದ್ದು ಇಂಗ್ಲಿಷಿನ ಅಕ್ಷರ ಮತ್ತು ಚಿಹ್ನೆಗಳಷ್ಟೇ. ಕನ್ನಡದ ಫಾಂಟು ಅವುಗಳಿಗೆ ಕನ್ನಡದ ಅಂಗಿ ತೊಡಿಸಿ ತೋರಿಸುತ್ತಿತ್ತು. ಅಂಗಿಯ ಒಳಗಿರುವುದನ್ನು ಈ ದನಿ ಓದುತ್ತಿತ್ತು. ಅಕ್ಕಾರರಿಗೂ ಹಾಗೆಯೇ ಹೇಳಿದೆ. ಹಾಗಿದ್ದ ಮೇಲೆ ಒಳಗಿರುವುದನ್ನೇ ಕಲಿತರಾಯಿತು.

ಸಂಜೆ ಆಫೀಸು ಬಿಟ್ಟ ಮೇಲೆ ಕೂತೆವು. ನಾನು ಒಂದೊಂದೇ ಅಕ್ಷರ ಹೇಳುವುದು, ಅಕ್ಕಾರು ಹೊಡೆಯುವುದು, ದನಿ ಹೇಳಿದ್ದನ್ನು ನಾನು ಬರೆದುಕೊಳ್ಳುವುದು. ಕಾಗುಣಿತ, ಒತ್ತಕ್ಷರ ಎಲ್ಲ ಮುಗಿಯಲು ಹತ್ತೊಂಬತ್ತು ಸಂಜೆ ಹಿಡಿಯಿತು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಐದು ಹತ್ತರ ಬಸ್ಸು ತಪ್ಪಿದರೆ ಅಂದಿಗೆ ಉಪವಾಸವೇ. ಉಪವಾಸ: ನಾಲ್ಕು. ಇದು ಗೊತ್ತಾದ ಮೇಲೆ ಅಕ್ಕಾರು ದಿನಾ ಚುರಮುರಿ ಕಟ್ಟಿಕೊಂಡು ಬರತೊಡಗಿದರು. ಕಿಟಕಿಯ ಬಿಸಿಲಿಗೆ ಅಂಗೈ ಹಿಡಿದು, “ಇನ್ನಾ ಬಿಸಲ ಐತಿ. ಮದಲ ತಿನ್ನ ಬೇ, ಆಮ್ಯಾಲೆ ಅಕ್ಷರ,” ಎನ್ನುವರು.

ನಾನು ಪಟ್ಟಿ ನೋಡಿ ಹೇಳಬೇಕಾಗಿತ್ತು, ಅವರಿಗೆ ಅದು ಬಾಯಿಪಾಠವಾಗಿ ಹೋಯಿತು. ಆಗಸ್ಟ್ ಕೊನೆಗೆ ದನಿಯ ವೇಗ ಹೆಚ್ಚಿಸಿಕೊಂಡರು. ನನಗೆ ಬರೀ ಗೊರಗೊರ ಕೇಳುತ್ತಿತ್ತು, ಅವರು ನಡುವೆ ತಡೆದು, “ಇಲ್ಲಿ ದೀರ್ಘ ಬಿಟ್ಟೀನಿ,” ಎನ್ನುತ್ತಿದ್ದರು. ಪುಟಕ್ಕೆ ತಪ್ಪು: ಜುಲೈನಲ್ಲಿ ನಲವತ್ತರ ಮೇಲೆ, ಸೆಪ್ಟೆಂಬರಿನಲ್ಲಿ ಐದು, ಅಕ್ಟೋಬರಿನಲ್ಲಿ ಎರಡು. ಈಗ ನೆನೆದರೆ, ಆ ಸಂಜೆಗಳಷ್ಟು ಸುಖವಾದ ಕೆಲಸ ನನಗೆ ಮತ್ತೆ ಸಿಕ್ಕಿಲ್ಲ.

ಸೂಟಿಗೆ ಎರಡು ದಿನ ಮೊದಲು, ಗುರುವಾರ, ಪರೀಕ್ಷೆ. ನಾನು ಪಿಸುಗುಟ್ಟಿಯೇನೆಂದು ಪ್ರಿನ್ಸಿಪಾಲರು ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ತಾವು ಪರದೆಯ ಬೆನ್ನಿಗೆ, ಮೇಜಿನ ಆಚೆ ಕೂತು ಒಂದು ಸುತ್ತೋಲೆ ಓದಿ ಹೇಳಿದರು. ಅಕ್ಕಾರು ಹೊಡೆದರು. ಆಮೇಲೆ ಒಂದೊಂದೇ ಸಾಲು ಕೇಳಿಸಿಕೊಂಡರು, ಎರಡು ಕಡೆ ತಿದ್ದಿದರು.

“ಮುಗೀತ್ರಿ ಸರ್. ತಪ್ಪ ಇಲ್ರಿ.”

ಪ್ರಿಂಟರು ಕರ್ರ್ ಎಂದು ಕಾಗದ ಉಗುಳಿತು. ಪ್ರಿನ್ಸಿಪಾಲರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಏನ್ರಿ ಇದು? ಒಂದ ಶಬ್ದ ಓದಾಕ ಬರೂದಿಲ್ಲ.”

“ಇಲ್ರೀ ಸರ್. ನಾ ಎಲ್ಲಾ ಕೇಳೀನ್ರಿ. ಬರೋಬರಿ ಐತ್ರಿ.”

“ನೀವು ಕೇಳಿದ್ರ ಆತೇನ್ರಿ? ಜನಾ ಕಣ್ಣೀಲೆ ಓದತಾರ.”

ಅಕ್ಕಾರರ ಕೈ ಕೀಲಿಗಳ ಮೇಲೆಯೇ ಉಳಿಯಿತು. ನಾನು ಕೇಳದೆಯೇ ಒಳಗೆ ಹೋದೆ. ಹೆಡ್ ಕ್ಲಾರ್ಕ್ ಸಾಹೇಬರೂ ಎದ್ದು ಬಂದು ಕಾಗದ ಇಸಿದುಕೊಂಡರು. ಪುಟದ ತುಂಬ ಮರಾಠಿಯ ಅಕ್ಷರಗಳು, ಆದರೆ ಯಾವ ಅಕ್ಷರವೂ ಪಕ್ಕದ್ದರ ಜೊತೆ ಕೂಡಿ ಶಬ್ದವಾಗಿರಲಿಲ್ಲ.

“ಹೇ ಕಾಯ್ ರೇ ಬಾಬಾ? ಮರಾಠೀನೂ ಅಲ್ಲ, ಕನ್ನಡಾನೂ ಅಲ್ಲ...” ಎಂದವರು ತಟ್ಟನೆ ಹಣೆ ಬಡಿದುಕೊಂಡರು. “ಸರ್, ತಪ್ಪ ನಂದ್ರಿ. ನಿನ್ನೆ ಮಿರಜಕ್ಕ ಕಾಗದ ಬರದೆ. ಮರಾಠಿ ಫಾಂಟ್ ಹಾಕಿದ್ದು ತಗೀಲಿಲ್ಲ.”

ನಮ್ಮ ಕಡೆ ಆಫೀಸಿಗೆ ಎರಡೂ ಭಾಷೆ ಬೇಕು, ಯಂತ್ರದಲ್ಲಿ ಎರಡೂ ಫಾಂಟು ಇದ್ದವು. ಹತ್ತೊಂಬತ್ತು ಸಂಜೆ ಕೂತರೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಅಂಗಿ ಯಾವುದಾದರೂ ಒಳಗಿನದು ಒಂದೇ, ಆದ್ದರಿಂದ ಕಿವಿಗೆ ವ್ಯತ್ಯಾಸವೇ ಇಲ್ಲ. ನಾನು ಇಡೀ ಪುಟ ಆರಿಸಿ ಕನ್ನಡದ ಫಾಂಟು ಹಾಕಿದೆ. ಅಕ್ಷರ ಒಂದನ್ನೂ ಮುಟ್ಟಲಿಲ್ಲ. ಮತ್ತೆ ಕರ್ರ್.

ಪ್ರಿನ್ಸಿಪಾಲರು ಕೆಂಪು ಪೆನ್ನು ಹಿಡಿದು ಮೇಲಿನಿಂದ ಕೆಳಗೆ ಓದಿದರು. ಕೆಳಗೆ ಮುಟ್ಟಿ ಮತ್ತೆ ಮೇಲಿನಿಂದ ಓದಿದರು. ಪೆನ್ನು ಕಾಗದಕ್ಕೆ ತಾಗಲಿಲ್ಲ. ಅಕ್ಕಾರು ಮುಖವನ್ನು ಅವರ ದಿಕ್ಕಿಗೆ ತಿರುಗಿಸಿ ಕಾಯುತ್ತಿದ್ದರು.

ಶಾಬಾಸ್ ಎನ್ನುವುದು ಪ್ರಿನ್ಸಿಪಾಲರ ಸ್ವಭಾವವಲ್ಲ. ಪೆನ್ನಿನ ಟೊಪ್ಪಿಗೆ ಹಾಕಿ, ತಮ್ಮ ಫೈಲಿನಿಂದ ಇನ್ನೊಂದು ಕಾಗದ ತೆಗೆದರು. “ಸೂಟೀ ನೋಟಿಸ್ ಐತ್ರಿ ಅಕ್ಕಾರ. ಹನ್ನೆರಡರೊಳಗ ಹೊಡದ ಹಚ್ಚಬೇಕು.”

ಅಕ್ಕಾರು ಕೀಲಿಗಳ ಮೇಲೆ ಬೆರಳು ಜೋಡಿಸಿದರು. “ಮದಲ ಅಂಗಿ ಯಾವದು ಐತಿ ನೋಡಿ ಹೇಳ್ರಿ ಯಾರರೆ.”

ಹೆಡ್ ಕ್ಲಾರ್ಕ್ ಸಾಹೇಬರು ಕನ್ನಡಕ ಏರಿಸಿ ಪರದೆಗೆ ಬಗ್ಗಿದರು.

“ಕನ್ನಡನ ಐತ್ರಿ. ಹೊಡೀರಿ.”