ನೆಲದ ಮೇಲಿನ ಪರೀಕ್ಷೆ

ಊರ ಹೊರಗಿನ ಶೇಂದ್ರಾದ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡುವ ಬೀದರಿನ ಮನ್ಮಥಪ್ಪನವರು ಸಣ್ಣ ಟೀವಿ ನೋಡಲು ಬಂದರೆ ಸಂಭಾಜಿನಗರದ ಅಂಗಡಿಯವರಿಗೆ ಎದೆ ಢವಢವ. ಇಪ್ಪತ್ತನಾಲ್ಕು ಇಂಚಿನ ಎಲ್‌ಸಿಡಿಗಳಲ್ಲೆಲ್ಲ ಒಂದೇ ಚಾನೆಲ್ ಹಾಕಿಸುತ್ತಾರೆ. “ಎಚ್‌ಡಿ ಅಂತ ಬರದ್ರ ಆಯ್ತೇನ್ರಿ?” ಎಂದು ಗದರುತ್ತಾರೆ. ಆಮೇಲೆ ಗಿರಾಕಿಗಳ ನಡುವೆಯೇ ಟವೆಲ್ ಹಾಸಿ ನೆಲದ ಮೇಲೆ ಅಂಗಾತ ಮಲಗಿಬಿಡುತ್ತಾರೆ. ಮಾಲೀಕ “ಕಾಕಾ, ಉಠಾ ನಾ!” ಎಂದು ಮರಾಠಿಯಲ್ಲಿ ಏಳಲು ಹೇಳಿ ಕಿರುಚಿದರೂ ಕದಲುವುದಿಲ್ಲ. ಕೆಳಗಿನಿಂದ ನೋಡಿದಾಗ ಚಿತ್ರ ಕಪ್ಪಾದರೆ ಕಾರ್ಖಾನೆಯ ದನಿಯಲ್ಲೇ “ರಿಜೆಕ್ಟ್!” ಎನ್ನುತ್ತಾರೆ. ಮೊನ್ನೆ ಆರನೆಯ ಅಂಗಡಿಯ ಕಾವಲುಗಾರ ಅವರನ್ನು ತೋಳು ಹಿಡಿದು ಎಳೆಯಲು ಬಂದಾಗ, ಜೊತೆಗೆ ಹೋಗಿದ್ದ ನಾನೇ ನಾಚಿಕೆಯಿಂದ “ಏಳ್ರಿ, ಸಾಕು” ಎಂದೆ. “ತಡೀರಿ, ಎಡಕ್ಕ ಹೊರಳಿ ನೋಡೂದು ಉಳದದ,” ಎಂದು ಅವರು ಕೆನ್ನೆಯನ್ನು ನೆಲಕ್ಕೊತ್ತಿದರು. “ಲಕ್ವಾ ಹೊಡದಾಗಿಂದ ನಮ್ಮ ಮನಿಯಾಕಿ ಕುತ್ತಿಗಿ ಆ ಕಡಿಗಷ್ಟೇ ಹೊರಳತದ.”